ಹುಳುವಿನ ಜ್ವರ, ಮಗುವಿನ ಪ್ರಶ್ನೆ

“ಅನುಭವದಿಂದ ಕಲಿಯುವುದು ಎಂದರೆ ಏನು?” ಎಂದು ಆರೇಳು ವರ್ಷದ ಮಗು ಕೇಳಿದರೆ ತಾವು ಏನು ಹೇಳುವಿರಿ? ಬಿಸಿ ಪಾತ್ರೆ ಮುಟ್ಟಿ ಕೈ ಸುಟ್ಟುಕೊಂಡವನು ಮತ್ತೆ ಮುಟ್ಟುವುದಿಲ್ಲ ಎಂಬುದೇ ನಮಗೆಲ್ಲ ಮೊದಲು ಹೊಳೆಯುವ ಉತ್ತರ. ಸುಳ್ಳಲ್ಲ. ಆದರೆ ಅಷ್ಟನ್ನು ಮನೆಯ ಬೆಕ್ಕೂ ಕಲಿಯುತ್ತದೆ!

ಮಗುವನ್ನು ಒಮ್ಮೆ ಶಿಡ್ಲಘಟ್ಟದ ಕಡೆ, ರೇಷ್ಮೆಹುಳು ಸಾಕುವ ಮನೆಗೆ ಕರೆದೊಯ್ಯಿರಿ. (ಕೈಕಾಲು ತೊಳೆದೇ ಒಳಗೆ ಹೋಗಬೇಕು.) ಹುಳುಗಳು ಹಗಲಿರುಳೂ ಹಿಪ್ಪುನೇರಳೆ ಸೊಪ್ಪು ಮೇಯುತ್ತವೆ, ಹತ್ತಿರ ನಿಂತರೆ ಸಣ್ಣ ಮಳೆ ಬಿದ್ದಂತೆ ಸದ್ದು. ಒಂದು ದಿನ ಆ ಸದ್ದು ನಿಲ್ಲುತ್ತದೆ. ಹುಳುಗಳು ತಲೆಯೆತ್ತಿ ಕದಲದೆ ಕುಳಿತುಬಿಡುತ್ತವೆ. ನಮ್ಮ ರೈತರು ಇದಕ್ಕೆ ‘ಜ್ವರ’ ಎನ್ನುತ್ತಾರೆ. “ಪಾಪ, ಕಾಯಿಲೆ! ಸೊಪ್ಪು ಹಾಕೋಣ” ಎನ್ನುತ್ತದೆ ಮಗು. ಸಾಕುವವರು ಕೈ ತಡೆಯುತ್ತಾರೆ. ಇದು ಕಾಯಿಲೆಯಲ್ಲ, ಹುಳು ಹಳೆಯ ಚರ್ಮ ಕಳಚುವ ಹೊತ್ತು. ಗೂಡು ಕಟ್ಟುವ ಮೊದಲು ಹೀಗೆ 4 ಸಲ, ಪ್ರತಿ ಸಲವೂ ಹೆಚ್ಚುಕಡಿಮೆ ಒಂದು ದಿನದ ಉಪವಾಸ. ಮೊದಲೆದ್ದ ಕೆಲವಕ್ಕೆ ಅವಸರಪಟ್ಟು ಸೊಪ್ಪು ಹಾಕಿದರೆ ಅವು ಮುಂದೆ ಹೋಗುತ್ತವೆ, ಉಳಿದವು ಹಿಂದೆ ಬೀಳುತ್ತವೆ. ಬೆಳೆ ಒಂದೇ ಸಮ ಬರುವುದಿಲ್ಲ. ಆದ್ದರಿಂದ ಹೆಚ್ಚುಕಡಿಮೆ ಎಲ್ಲವೂ ಜ್ವರದಿಂದ ಏಳುವ ತನಕ ಕಾಯುತ್ತಾರೆ.

ಈ ತಾಳ್ಮೆಯನ್ನು ಕಲಿಸಿದ್ದು ಬರಿಯ ನಷ್ಟವೆ? ಬೆಳೆ ಕೆಟ್ಟರೆ ಸಾಲ ಉಳಿಯುತ್ತದೆ. “ನಮ್ಮ ಗ್ರಹಚಾರ” ಎಂದು ಕೈಚೆಲ್ಲಿ ಕೂರಲೂಬಹುದು. ಕಲಿಯುವವರು ಹಾಗೆ ಕೂರುವುದಿಲ್ಲ. ಸೊಪ್ಪು ಒದ್ದೆಯಿತ್ತೆ? ಮನೆಗೆ ಗಾಳಿ ಸಾಲದಾಯಿತೆ? ಹಿಂದಿನ ಬೆಳೆಗೂ ಇದಕ್ಕೂ ಏನು ವ್ಯತ್ಯಾಸ? ಎಂದು ಕೇಳಿಕೊಳ್ಳುತ್ತಾರೆ. ವರ್ಷಕ್ಕೆ ಹಲವು ಬೆಳೆ ತೆಗೆಯುವ ಕಸುಬಾದ್ದರಿಂದ ತಿದ್ದಿ ನೋಡಲು ಅವಕಾಶವೂ ಉಂಟು.

ಬರಿಗಣ್ಣಿಗೆ ಕಾಣದ ಕಾರಣಗಳೂ ಇವೆ. ಫ್ರಾನ್ಸಿನ ರೇಷ್ಮೆಸೀಮೆಯಲ್ಲಿ ಹುಳುಗಳು ರೋಗದಿಂದ ಸಾಯುತ್ತಿದ್ದಾಗ, 1865ರಲ್ಲಿ ಲೂಯಿ ಪಾಶ್ಚರ್ ಅಲ್ಲಿಗೆ ಹೋದರು. ಹುಳು ಸಾಕಿ ಅವರಿಗೆ ಅನುಭವವೇ ಇರಲಿಲ್ಲ. ಮೊದಮೊದಲು ರೋಗವನ್ನು ತಪ್ಪಾಗಿಯೇ ತಿಳಿದರು. ಮತ್ತೆ ಮತ್ತೆ ಪರೀಕ್ಷಿಸಿದ ಮೇಲೆ, ಪೆಬ್ರಿನ್ ಎಂಬ ಆ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆಂದು ಖಚಿತವಾಯಿತು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅದರ ಮೊಟ್ಟೆಗಳನ್ನು ನಾಶಮಾಡುವ ಕ್ರಮವನ್ನು ಅವರು ಹಾಕಿಕೊಟ್ಟರು. ರೇಷ್ಮೆ ಮೊಟ್ಟೆ ತಯಾರಿಸುವಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ಇಂದಿಗೂ ನಡೆಯುತ್ತದೆ.

ಇನ್ನು ತಮ್ಮ ಮನೆಗೇ ಬರೋಣ. ನಾಳೆ ಮಗು ಹಾಲು ಚೆಲ್ಲಿದರೆ ಗದರುವ ಮೊದಲು, “ಲೋಟ ಎಲ್ಲಿಟ್ಟಿದ್ದೆ? ಈಗ ಎಲ್ಲಿಡುತ್ತೀಯೆ?” ಎಂದು ಕೇಳಿ. ಉತ್ತರ ತಾವೇ ಹೇಳಬೇಡಿ. ಮಗುವೇ ಇಟ್ಟು ನೋಡಲಿ. ಇನ್ನೊಂದು ಲೋಟ ಹಾಲು ಹೋದರೂ ಹೋಗಲಿ.