ಮತ್ತೆ ಮುಖಾಮುಖಿ: ಬಯಲುಸೀಮೆಯ ಅಡಿಕೆ ಬೆಳೆಗಾರನಿಗೆ ಸಮ್ಮೇಳನವೇಕೆ?

ಬೆಳೆಗಾರರ ಸಮ್ಮೇಳನಗಳು, ವಿಚಾರಗೋಷ್ಠಿಗಳು, ಕೃಷಿ ಮೇಳಗಳು ಮತ್ತೆ ಹಿಂದಿನಂತೆ ಜನರೆದುರು ನಡೆಯಲಾರಂಭಿಸಿ ಕೆಲವು ವರ್ಷಗಳೇ ಸಂದಿವೆ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ನಮ್ಮ ಸದಸ್ಯ ಬಂಧುಗಳಲ್ಲಿ ಇವುಗಳಿಗೆ ಹೋಗಿಬರುವವರು ಇಂದಿಗೂ ವಿರಳ. ಕೇಳಿದರೆ ಬರುವ ಉತ್ತರ ಒಂದೇ: "ಎಲ್ಲಾ ಫೋನಿನಾಗ ಬರ್ತೈತಲ್ರೀ, ಬಸ್ಸಿನ ದುಡ್ಡು ಹಾಕಿ ಅಲ್ಲಿಗೆ ಹೋಗಿ ಮಾಡೋದೇನು?" ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬೆಳೆಗಾರನ ಒಂದು ದಿನಕ್ಕೂ ಬೆಲೆಯಿದೆ, ನೂರು ರೂಪಾಯಿಗೂ ಲೆಕ್ಕವಿದೆ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಅಗತ್ಯ.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಾಗತಿಕ ಪಿಡುಗೆಂದು ಸಾರಿದ್ದು 2020ರ ಮಾರ್ಚ್ 11ರಂದು. ಅದೇ ತಿಂಗಳ ಕೊನೆಯ ವಾರ ದೇಶವೆಲ್ಲ ಬಾಗಿಲು ಹಾಕಿತು. ಮಾರುಕಟ್ಟೆಗಳು ಮುಚ್ಚಿದವು, ರೈಲು ಬಸ್ಸು ನಿಂತವು, ಸಂಘಗಳ ಸಭೆಗಳು ಮುಂದಕ್ಕೆ ಹೋದವು. ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ಅದೇ ಸಂಸ್ಥೆ ಘೋಷಿಸಿದ್ದು 2023ರ ಮೇ 5ರಂದು. ಈ ಮೂರು ವರ್ಷಗಳಲ್ಲಿ ತೋಟದ ಕೆಲಸ ನಿಲ್ಲಲಿಲ್ಲ. ನಿಂತದ್ದು ಒಬ್ಬರ ತೋಟಕ್ಕೆ ಇನ್ನೊಬ್ಬರು ಹೋಗಿ ನೋಡುವ ರೂಢಿ.

ಈ ಸಂದರ್ಭದಲ್ಲಿ ಕಾಫಿ ಲೋಕದ ಒಂದು ನಿದರ್ಶನವನ್ನು ಗಮನಿಸಬೇಕು. ಕಾಫಿ ನಮ್ಮ ಐದು ತಾಲ್ಲೂಕುಗಳ ಬೆಳೆಯಲ್ಲ. ಆದರೂ ಈ ಪತ್ರಿಕೆ ಎರಡೂ ಬೆಳೆಗಳಿಗೆ ಸೇರಿದ್ದು, ಮತ್ತು ಮಲೆನಾಡಿನಲ್ಲಿ ಅಡಿಕೆ ಮರದ ಕೆಳಗೇ ಕಾಫಿ ಗಿಡ ಇರುವುದು ಎಲ್ಲರಿಗೂ ತಿಳಿದ ವಿಷಯ. 1963ರಲ್ಲಿ ಸ್ಥಾಪನೆಯಾಗಿ ಲಂಡನ್ನಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯು ಕೆಲವು ವರ್ಷಗಳಿಗೊಮ್ಮೆ ವಿಶ್ವ ಕಾಫಿ ಸಮ್ಮೇಳನ ನಡೆಸುತ್ತದೆ. ಮೊದಲನೆಯದು 2001ರಲ್ಲಿ ಲಂಡನ್ನಿನಲ್ಲಿ, ಅನಂತರ 2005ರಲ್ಲಿ ಬ್ರೆಜಿಲ್‌ನ ಸಾಲ್ವಡಾರ್, 2010ರಲ್ಲಿ ಗ್ವಾಟೆಮಾಲ, 2016ರಲ್ಲಿ ಇಥಿಯೋಪಿಯದ ಅಡಿಸ್ ಅಬಾಬದಲ್ಲಿ ನಡೆದವು. ಐದನೆಯದು 2020ರ ಸೆಪ್ಟೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆಯಬೇಕಿತ್ತು. ರೋಗದ ಕಾರಣ ಮುಂದೂಡಲಾಯಿತು. ಕೊನೆಗೆ ನಡೆದದ್ದು 2023ರ ಸೆಪ್ಟೆಂಬರ್ 25ರಿಂದ 28ರವರೆಗೆ, ಬೆಂಗಳೂರು ಅರಮನೆಯ ಆವರಣದಲ್ಲಿ. ಏಷ್ಯಾ ಖಂಡದಲ್ಲಿ ಈ ಸಮ್ಮೇಳನ ಸೇರಿದ್ದು ಅದೇ ಮೊದಲು.

ಇಲ್ಲಿ ಯೋಚಿಸಬೇಕಾದ ಅಂಶವೊಂದಿದೆ. ಪರದೆಯ ಮೇಲೆ ಸಭೆ ನಡೆಸಲು ಬೇಕಾದ ಸಾಧನ ಸಲಕರಣೆಗಳಿಗೆ ಈ ಜನಕ್ಕೆ ಕೊರತೆ ಇರಲಿಲ್ಲ. ಇತರ ಅನೇಕ ಸಭೆಗಳನ್ನು ಆ ಕಾಲದಲ್ಲಿ ಹಾಗೆಯೇ ನಡೆಸಲಾಯಿತು. ಆದರೂ ಈ ಮಹಾ ಸಮ್ಮೇಳನವನ್ನು ಪರದೆಗೆ ಒಪ್ಪಿಸದೆ ಮೂರು ವರ್ಷ ಕಾದರು. ಕಾಫಿಯ ಗುಣ ತಿಳಿಯುವುದು ಬಟ್ಟಲಿಗೆ ಬಗ್ಗಿ, ವಾಸನೆ ನೋಡಿ, ನಾಲಗೆಗೆ ಹಾಕಿದಾಗ. ಮಾರುವವ ಮತ್ತು ಕೊಳ್ಳುವವ ಇಬ್ಬರೂ ಒಂದೇ ಬಟ್ಟಲಿನ ಮುಂದೆ ನಿಲ್ಲಬೇಕು. ಎಲ್ಲ ಅನುಕೂಲವಿರುವ ದೊಡ್ಡವರೇ ಎದುರುಬದುರು ಕೂರುವುದಕ್ಕೆ ಇಷ್ಟು ಬೆಲೆ ಕೊಡುವಾಗ, ಎರಡು ಎಕರೆಯ ನಾವು "ಫೋನಿದ್ದರೆ ಸಾಕು" ಎನ್ನುವುದು ಎಷ್ಟು ಸರಿ?

ಫೋನಿನಿಂದ ಆದ ಉಪಕಾರ

ಫೋನಿನ ಸಭೆಗಳನ್ನು ಹೀಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆ ಮೂರು ವರ್ಷ ವಿಜ್ಞಾನಿಗಳ ಮಾತು ಕೂತಲ್ಲೇ ಕೇಳಿಸಿತು. ಎಂದೂ ಸಭೆಗೆ ಬಾರದಿದ್ದ ಹೆಣ್ಣುಮಕ್ಕಳು ಅಡಿಗೆಮನೆಯ ಕೆಲಸದ ನಡುವೆಯೇ ಕೇಳಿದರು, ಕೆಲವರು ಪ್ರಶ್ನೆಯನ್ನೂ ಹಾಕಿದರು. ಧಾರಣೆ, ಮಳೆಯ ಮುನ್ಸೂಚನೆ, ಸರ್ಕಾರದ ಯೋಜನೆಗಳ ಕೊನೆಯ ದಿನಾಂಕ, ಇವುಗಳಿಗೆ ಫೋನಿಗಿಂತ ಮೇಲಾದ ಸಾಧನವಿಲ್ಲ. ಅದು ಮುಂದುವರಿಯಲೇಬೇಕು.

ಆದರೆ ಫೋನಿಗೆ ಒಂದು ಮಿತಿ ಇದೆ. ನಾವು ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಕೇಳಬೇಕೆಂದು ನಮಗೆ ತಿಳಿಯದ ಪ್ರಶ್ನೆಯನ್ನು ಅದು ಎತ್ತುವುದಿಲ್ಲ. ಗರಿಯ ಮೇಲೆ ಕಂದು ಚುಕ್ಕಿ ಕಂಡಿತೆಂದು ಫೋಟೋ ತೆಗೆದು ಕಳಿಸುತ್ತೇವೆ. ಅದು ಬಿಸಿಲಿನ ಸುಡುವಿಕೆಯೋ, ಪೊಟ್ಯಾಷ್ ಕೊರತೆಯೋ, 2022ರಲ್ಲಿ ಮಲೆನಾಡನ್ನು ಕಂಗೆಡಿಸಿದ ಎಲೆಚುಕ್ಕಿ ರೋಗವೋ, ಅಂಗೈಯಗಲದ ಚಿತ್ರದಿಂದ ಹೇಳುವುದು ಬಲ್ಲವರಿಗೂ ಕಷ್ಟ. ಅನುಭವಸ್ಥ ತೋಟಗಾರ ನಮ್ಮೆದುರು ಕುಳಿತಿದ್ದರೆ ಗರಿಯ ಮಾತನ್ನು ಬದಿಗಿಟ್ಟು, "ನಿಮ್ಮದು ಎರೆಯೋ ಮಸಾರಿಯೋ? ಬಸಿಗಾಲುವೆ ತೆಗೆದಿದ್ದೀರೋ ಇಲ್ಲವೋ?" ಎಂದು ಮೊದಲು ಕೇಳುತ್ತಾನೆ. ರೋಗದ ಮೂಲ ಎಷ್ಟೋ ಸಲ ಆ ಪ್ರಶ್ನೆಯಲ್ಲಿರುತ್ತದೆ.

ನಮ್ಮ ಒಂಟಿತನ ಹಳೆಯದು

ಮಲೆನಾಡಿನ ಬೆಳೆಗಾರನಿಗೆ ಒಂಟಿತನ ಬಂದದ್ದು 2020ರಲ್ಲಿ, ಹೋದದ್ದು ಸಭೆಗಳು ಮತ್ತೆ ಆರಂಭವಾದಾಗ. ನಮಗೆ ಅದು ಮೊದಲೂ ಇತ್ತು, ಈಗಲೂ ಇದೆ. ಶಿರಸಿ, ತೀರ್ಥಹಳ್ಳಿಗಳ ಕಡೆ ಬೇಲಿಯ ಆಚೆ ಇರುವುದೂ ಅಡಿಕೆ ತೋಟವೇ. ಅಜ್ಜನ ಕಾಲದ ತಿಳಿವಳಿಕೆ ಬೇಲಿ ದಾಟಿ ಬರುತ್ತದೆ. ನಮ್ಮಲ್ಲಿ ಬದುವಿನ ಆಚೆ ಶೇಂಗಾ ಇದೆ, ಮೆಕ್ಕೆಜೋಳ ಇದೆ, ಹಡಗಲಿಯ ಕಡೆ ಮಲ್ಲಿಗೆ ಇದೆ. ಕೊಳವೆಬಾವಿ ನಂಬಿ ಅಡಿಕೆ ಇಟ್ಟ ರೈತನಿಗೆ ಕೇಳಲು ನೆರೆಯವನಿಲ್ಲ.

ಇದರ ಪರಿಣಾಮವನ್ನು ಅಂಕಿಗಳಲ್ಲೇ ನೋಡೋಣ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಗಿಡ. ಹನಿ ನೀರಾವರಿಯಲ್ಲಿ ಗಿಡವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಎಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. 20 ಲೀಟರಿನಂತೆ ಹಿಡಿದರೆ ಎಕರೆಗೆ ದಿನಕ್ಕೆ 10,800 ಲೀಟರ್. ಬೇಸಿಗೆಯ ನಾಲ್ಕು ತಿಂಗಳಿಗೆ ಸುಮಾರು 13 ಲಕ್ಷ ಲೀಟರ್. ಇದು ತೇವದ ಹವೆಯ ಕರಾವಳಿಯನ್ನು ಕಂಡು ಹೇಳಿದ ಲೆಕ್ಕವೆಂಬುದನ್ನು ಮರೆಯಬಾರದು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯ ನಮ್ಮ ಸೀಮೆಯಲ್ಲಿ ಏಪ್ರಿಲ್ ತಿಂಗಳ ಒಣಗಾಳಿ ಇದಕ್ಕಿಂತ ಹೆಚ್ಚೇ ಕೇಳುತ್ತದೆ. ಫೆಬ್ರವರಿಯಲ್ಲಿ ಚೆನ್ನಾಗಿ ಹಾಕುವ ಬೋರು ಮೇ ತಿಂಗಳಲ್ಲಿ ಎಷ್ಟು ಹಾಕುತ್ತದೆ ಎಂಬುದರ ಮೇಲೆ ತೋಟದ ಅಳಿವು ಉಳಿವು ನಿಂತಿದೆ.

ಬಿಸಿಲಿನ ವಿಷಯವೂ ಹಾಗೆಯೇ. ನೈಋತ್ಯದ ಇಳಿಬಿಸಿಲು ಎಳೆಯ ಕಾಂಡವನ್ನು ಸುಡುತ್ತದೆ. ಸುಟ್ಟ ಜಾಗ ಮುಂದೆ ಸೀಳುತ್ತದೆ, ಗಾಳಿಗೆ ಮರ ಮುರಿಯುತ್ತದೆ. ಇದನ್ನು ತಪ್ಪಿಸಲು ಸಾಲುಗಳನ್ನು ನೇರ ಉತ್ತರ-ದಕ್ಷಿಣಕ್ಕೆ ಹಿಡಿಯದೆ ಪಶ್ಚಿಮಕ್ಕೆ ಸುಮಾರು 35 ಡಿಗ್ರಿ ವಾಲಿಸಬೇಕು, ಎಳೆಯ ಗಿಡಗಳಿಗೆ ಬಾಳೆಯ ನೆರಳು ಕೊಡಬೇಕು ಎಂದು ತಜ್ಞರು ಹೇಳುತ್ತ ಬಂದಿದ್ದಾರೆ. ಸಾಲು ಹಿಡಿಯುವ ದಿನ ಇದು ತಿಳಿದಿರಬೇಕು, ಏಕೆಂದರೆ ನೆಟ್ಟ ಮೇಲೆ ಸಾಲು ತಿರುಗಿಸಲಾಗದು. ಮೆಕ್ಕೆಜೋಳದಲ್ಲಿ ತಪ್ಪಿದರೆ ಮುಂದಿನ ಮುಂಗಾರಿಗೆ ತಿದ್ದಿಕೊಳ್ಳಬಹುದು. ಅಡಿಕೆಯಲ್ಲಿ ತಪ್ಪು ಕಣ್ಣಿಗೆ ಬೀಳಲು ಐದಾರು ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಸಾಲದ ಬಡ್ಡಿ ಬೆಳೆದಿರುತ್ತದೆ. ಹೀಗಿರುವಾಗ ಬಸ್ಸಿನ ಖರ್ಚು ದುಬಾರಿ ಎನ್ನಬಹುದೇ?

ಮಾರಾಟದ ಮಾತಿಗೂ ಇದೇ ಅನ್ವಯಿಸುತ್ತದೆ. ಹಸಿ ಅಡಿಕೆಯನ್ನು ಚೇಣಿಗೆ ಕೊಡುವವರು ನಮ್ಮಲ್ಲಿ ಬಹಳ. ಒಂದು ಕ್ವಿಂಟಲ್ ಹಸಿಗೆ ಎಷ್ಟು ಕೆ.ಜಿ. ಒಣ ರಾಶಿ ಕೂರುತ್ತದೆ, ಸುಲಿತಕ್ಕೆ ಎಷ್ಟು ಖರ್ಚು, ತೂಕದಲ್ಲಿ ಏನು ಕಳೆಯುತ್ತಾರೆ ಎಂಬ ವಿವರಗಳನ್ನು ಚನ್ನಗಿರಿಯ ಬೆಳೆಗಾರ ಸಭೆಯ ವೇದಿಕೆಯಲ್ಲಿ ಹೇಳಲಾರ. ಊಟದ ಸಾಲಿನಲ್ಲಿ ಪಕ್ಕದಲ್ಲಿ ಕುಳಿತಾಗ ಹೇಳುತ್ತಾನೆ. ಸುಲಿಯುವ ಯಂತ್ರವನ್ನು ಮಾರುವವನ ವೀಡಿಯೋದಲ್ಲಿ ಕಾಯಿ ಒಡೆಯುವುದೇ ಇಲ್ಲ. ಮೇಳದಲ್ಲಿ ನಿಂತು ನೋಡಿದರೆ, ಕೆಳಗೆ ಬಿದ್ದ ಗೋಟು ಎಷ್ಟು, ಹೋಳು ಎಷ್ಟು ಎಂಬುದು ಕಣ್ಣಿಗೇ ಕಾಣುತ್ತದೆ.

ಮೈಲಾರ ಹೇಳುವ ಮಾತು

ಇದು ನಮಗೆ ಹೊಸದಾಗಿ ಕಲಿಯಬೇಕಾದ ಪಾಠವೇನೂ ಅಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ನುಡಿ ಒಂದೇ ಸಾಲಿನದು. ಇಂದು ಅದು ಕ್ಷಣದಲ್ಲಿ ಎಲ್ಲರ ಫೋನಿಗೂ ಬರುತ್ತದೆ. ಹಾಗೆಂದು ಜನ ಮೈಲಾರಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಆ ಒಂದು ಸಾಲಿಗೆ ಮಳೆಯ ಅರ್ಥ ಯಾವುದು, ಬೆಳೆಯ ಅರ್ಥ ಯಾವುದು, ರಾಜಕಾರಣದ ಅರ್ಥ ಯಾವುದು ಎಂಬ ಚರ್ಚೆ ಬಂಡಿಯಲ್ಲಿ, ಬಸ್ಸಿನಲ್ಲಿ, ಬುತ್ತಿ ಬಿಚ್ಚಿದ ಮರದ ನೆರಳಿನಲ್ಲಿ ನಡೆಯುತ್ತದೆ. ಕೊಟ್ಟೂರಿನ ತೇರಿಗೆ ಬಂದವರೂ ದೇವರ ದರ್ಶನದ ಜೊತೆಗೆ ಎತ್ತು, ಬೀಜ, ಬೀಗತನಗಳ ಮಾತು ಮುಗಿಸಿಕೊಂಡೇ ಹೋಗುತ್ತಾರೆ. ಕೂಡಿ ಆಡಿದ ಮಾತಿಗೆ ಇರುವ ಬೆಲೆ ನಮ್ಮ ಹಿರಿಯರಿಗೆ ತಿಳಿದಿತ್ತು. ಸಮ್ಮೇಳನವೆಂದರೆ ಬೆಳೆಗಾರರ ಜಾತ್ರೆ ಎಂದುಕೊಂಡರೆ ಸಾಕು, ಸಂಕೋಚ ಅರ್ಧ ಕಡಿಮೆಯಾದೀತು.

ಹೋಗುವುದೆಲ್ಲಿ, ಹೇಗೆ?

ದೊಡ್ಡ ಸಮ್ಮೇಳನಗಳ ಪ್ರವೇಶ ಶುಲ್ಕ ನಮ್ಮ ಕೈಗೆಟುಕುವಂಥದ್ದಲ್ಲ, ಅಲ್ಲಿಯ ಭಾಷೆಯೂ ಬೇರೆ. ಅವುಗಳ ಗೊಡವೆ ನಮಗೆ ಬೇಡ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಮೇಳ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕಾರ್ಯಕ್ರಮಗಳು, 1956ರಿಂದ ಅಡಿಕೆ ಸಂಶೋಧನೆ ನಡೆಸುತ್ತಿರುವ ವಿಟ್ಲದ ಕೇಂದ್ರ, ನೆರೆಯ ದಾವಣಗೆರೆ ಜಿಲ್ಲೆಯ ಅಡಿಕೆ ಸಹಕಾರ ಸಂಘಗಳ ಸಭೆಗಳು, ಇವು ನಮಗೆ ಸಾಕು. ಹರಪನಹಳ್ಳಿಯವರಿಗಂತೂ 1997ರಿಂದ ಎರಡು ದಶಕ ದಾವಣಗೆರೆ ಜಿಲ್ಲೆಯಲ್ಲೇ ಇದ್ದ ಕಾರಣ ಆ ಕಡೆಯ ಪರಿಚಯ ಇದ್ದೇ ಇದೆ. ಆ ಪರಿಚಯವನ್ನು ಉಳಿದ ನಾಲ್ಕು ತಾಲ್ಲೂಕಿನವರಿಗೂ ಹಂಚಬೇಕು.

ಹೋಗುವ ಸದಸ್ಯರ ಗಮನಕ್ಕೆ ಕೆಲವು ಸಲಹೆಗಳು:

1. ಒಂದು ಊರಿನಿಂದ ಇಬ್ಬರು ಹೋಗಲಿ. ಒಬ್ಬರು ಹಿರಿಯರು, ಇನ್ನೊಬ್ಬರು ಯುವಕರು ಅಥವಾ ಮಹಿಳಾ ಸದಸ್ಯರು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನೆಯುತ್ತಾರೆ.

2. ಹೊರಡುವ ಮುನ್ನ ಊರವರೊಂದಿಗೆ ಕೂತು ಮೂರು ಪ್ರಶ್ನೆ ಬರೆದುಕೊಳ್ಳಿ. ಮಣ್ಣು ಮತ್ತು ನೀರಿನ ಪರೀಕ್ಷೆಯ ವರದಿ ಜೇಬಿನಲ್ಲಿರಲಿ. ಬರಿಯ ಬಾಯಿಮಾತಿಗಿಂತ ವರದಿಗೆ ಸಿಗುವ ಉತ್ತರ ಖಚಿತ.

3. ಭಾಷಣ ಮುಗಿದೊಡನೆ ಬಸ್ಸು ಹಿಡಿಯಬೇಡಿ. ಊಟಕ್ಕೆ ನಿಲ್ಲಿ, ತೋಟ ವೀಕ್ಷಣೆ ಇದ್ದರೆ ತಪ್ಪಿಸಬೇಡಿ.

4. ಬರುವಾಗ ಸಸಿ, ಗರಿ, ಹಿಂಗಾರ ಯಾವುದನ್ನೂ ತರಬೇಡಿ. ಎಲೆಚುಕ್ಕಿಯಾಗಲಿ, ಶೃಂಗೇರಿ, ಕೊಪ್ಪ, ಸುಳ್ಯಗಳನ್ನು ಕಾಡಿರುವ ಹಳದಿ ಎಲೆ ರೋಗವಾಗಲಿ ನಮ್ಮ ಚೀಲದಲ್ಲಿ ಪ್ರಯಾಣ ಮಾಡಬಾರದು.

5. ಹದಿನೈದು ದಿನದೊಳಗೆ ಊರಲ್ಲಿ ಜನ ಸೇರಿಸಿ, ಕಂಡದ್ದನ್ನು ಹೇಳಿ. ಒಪ್ಪದ ಮಾತಿದ್ದರೆ ಅದನ್ನೂ ಹೇಳಿ.

ಐದನೆಯದೇ ಎಲ್ಲಕ್ಕಿಂತ ಮುಖ್ಯ. ಒಬ್ಬ ಹೋಗಿ ಬಂದು ಸುಮ್ಮನಿದ್ದರೆ ಅದು ಅವನ ಪ್ರವಾಸ. ಬಂದು ಹತ್ತು ಜನಕ್ಕೆ ಹೇಳಿದರೆ ಅದು ಸಹಕಾರ. ಸದಸ್ಯರ ಶಿಕ್ಷಣ ಸಹಕಾರ ತತ್ತ್ವಗಳಲ್ಲೇ ಒಂದಾಗಿರುವುದರಿಂದ ಇಂಥ ಪ್ರಯಾಣದ ಖರ್ಚಿನಲ್ಲಿ ಒಂದು ಭಾಗವನ್ನು ಸಂಘವೇ ಹೊರುವುದು ನ್ಯಾಯ. ಈ ಬಗ್ಗೆ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಚರ್ಚಿಸಿ ತೀರ್ಮಾನಿಸಬೇಕಾಗಿದೆ. ಅದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ: ಆ ಸಭೆಗೆ ಸದಸ್ಯರು ತಾವೇ ಬರಬೇಕು. ಸಹಿ ಹಾಕಿ ಹೊರಟುಹೋಗದೆ, ಪಕ್ಕದ ತಾಲ್ಲೂಕಿನವರ ಜೊತೆ ಕೂತು, ಅವರ ಬೋರಿನ ನೀರು ಮೇ ತಿಂಗಳಲ್ಲಿ ಎಷ್ಟಿತ್ತೆಂದು ಕೇಳಬೇಕು. ನಮ್ಮ ಮೊದಲ ಸಮ್ಮೇಳನ ಅಲ್ಲಿಂದಲೇ ಆರಂಭವಾಗಲಿ.

— ಕಾರ್ಯದರ್ಶಿ