ಕುಂಚಿಗೆಯ ಮೇಲೊಂದು ತಲೆಕಟ್ಟು

ಮಗು ಹುಟ್ಟಿದ ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬುದು ಹಿರಿಯರಿಂದ ಬಂದ ಮಾತು. ಪೇಟೆಯಲ್ಲಿ ಸಿದ್ಧ ಉಡುಪುಗಳಿಗೇನೂ ಬರವಿಲ್ಲ. ಆದರೆ ಅವುಗಳ ಎದೆಯ ಮೇಲೆ ಕರಡಿಯ ಚಿತ್ರವೋ ಇಂಗ್ಲಿಷಿನ ಎರಡು ಶಬ್ದಗಳೋ ಇರುತ್ತವೆಯೇ ಹೊರತು, ಮಗುವಿನ ಮನೆಮಾತಿನ ಒಂದಕ್ಷರವೂ ಕಾಣಸಿಗುವುದು ಅಪರೂಪ. ಆಂಧ್ರದ ಹಿಂದೂಪುರ ಮತ್ತು ಕಲ್ಯಾಣದುರ್ಗದ ಕನ್ನಡ ಮನೆಗಳಲ್ಲಿ ನಂಟರಿರುವ ನಾವು ಅಲ್ಲಿಯ ನಾಮಕರಣಗಳಿಗೆ ಹೋಗುವಾಗ ಅಚ್ಚು ಹಾಕುವ ಸಾಮಾನನ್ನೂ ಜತೆಗೇ ಒಯ್ಯುತ್ತೇವೆ.

ಈ ಎರಡು ಊರುಗಳೂ ನಮ್ಮ ಕಾಸರಗೋಡಿನಂತೆ ಒಂದು ಕಾಲಕ್ಕೆ ಮದರಾಸು ಪ್ರಾಂತಕ್ಕೆ ಸೇರಿದ್ದವು. 1953ರಲ್ಲಿ ಆಂಧ್ರ ರಾಜ್ಯವಾದಾಗ ಅನಂತಪುರ ಜಿಲ್ಲೆ ಅತ್ತ ಹೋಯಿತು. 1956ರಲ್ಲಿ ನಾವು ಕೇರಳಕ್ಕೆ ಬಂದೆವು. 2022ರ ಜಿಲ್ಲಾ ವಿಂಗಡಣೆಯ ನಂತರ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿದೆ. ಗಡಿನಾಡಿನ ಕಷ್ಟ ಎರಡು ಕಡೆಯೂ ಒಂದೇ ಎನ್ನಬಹುದು, ಆದರೆ ಒಂದು ವ್ಯತ್ಯಾಸವಿದೆ. ಇಲ್ಲಿ ಮಲಯಾಳದ ಲಿಪಿ ಬೇರೆಯೇ ಆಗಿರುವುದರಿಂದ ನಮ್ಮ ಮಕ್ಕಳಿಗೆ ಯಾವುದು ಕನ್ನಡವೆಂದು ಬೇಗ ತಿಳಿಯುತ್ತದೆ. ಅಲ್ಲಿ ಹಾಗಲ್ಲ. ಕನ್ನಡ, ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ಗ, ನ, ಮ, ವ, ಲ ಮುಂತಾದ ಅಕ್ಷರಗಳ ಮೈ ಬಹುಮಟ್ಟಿಗೆ ಒಂದೇ. ಕನ್ನಡದಲ್ಲಿ ತಲೆಕಟ್ಟು ಅಡ್ಡಗೆರೆಯಾಗಿ ಹೋಗುತ್ತದೆ, ತೆಲುಗಿನಲ್ಲಿ ಅದು ಸರಿಗುರುತಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ತೆಲುಗು ಶಾಲೆಗೆ ಹೋಗುವ ಕನ್ನಡ ಮಗು ಬರೆಯುವ ಹೆಸರಿನಲ್ಲಿ ಕನ್ನಡ ಉಳಿಯುವುದೂ ಅಳಿಯುವುದೂ ಆ ಒಂದು ಗೆರೆಯಲ್ಲಿ.

ಅಚ್ಚಿಗೆ ಒಪ್ಪುವ ಉಡುಪೆಂದರೆ ಕುಂಚಿಗೆ. ಕರಾವಳಿಯ ನಮಗೆ ಇದು ಅಷ್ಟು ಬಳಕೆಯಲ್ಲಿಲ್ಲ. ತಲೆಗೆ ಟೊಪ್ಪಿಗೆಯಂತೆ ಕುಳಿತು, ಹಿಂದೆ ಬೆನ್ನಿನ ಮೇಲೆ ಇಳಿಬೀಳುವ ಬಟ್ಟೆ ಅದು. ಬಯಲುಸೀಮೆಯ ಬೆಳಗಿನ ಚಳಿಗಾಳಿಗೆ ಬೇಕೇಬೇಕು. ಇಳಿಬೀಳುವ ಭಾಗ ಅಗಲವಾಗಿ ಸಪಾಟಾಗಿರುವುದರಿಂದ ಅಕ್ಷರ ಚೆನ್ನಾಗಿ ಕೂರುತ್ತದೆ. ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಸಂತೆಗೆ ಹೊರಟರೆ ಹಿಂದೆ ಬರುವವರೆಲ್ಲ ಹೆಸರನ್ನು ಓದಿಯೇ ಓದುತ್ತಾರೆ! ಮಗುವಿನ ಬಾಯಿಗೂ ಬಣ್ಣ ಸಿಗುವುದಿಲ್ಲ. ಅಂಗಿಗೆ ಹಾಕುವುದಾದರೆ ಕತ್ತಿನ ಅಂಚನ್ನು ಬಿಟ್ಟು ಹೊಟ್ಟೆಯ ಮಟ್ಟದಲ್ಲಿ ಹಾಕಬೇಕು, ಎರಡು ಬೆರಳಗಲಕ್ಕಿಂತ ದೊಡ್ಡದು ಬೇಡ. ಬಣ್ಣ ಹೆಚ್ಚಾದರೆ ಬಟ್ಟೆ ರಟ್ಟಿನಂತಾಗಿ ಎಳೆಯ ಮೈಯನ್ನು ಕೆರೆಯುತ್ತದೆ.

ಬಟ್ಟೆ ಮೆತ್ತಗಿನ ಹತ್ತಿಯದಾಗಿರಲಿ. ಗಂಜಿ ಹೋಗುವಂತೆ ಮೊದಲೇ ಒಗೆದು ಒಣಗಿಸಬೇಕು. ಗಂಜಿಯ ಮೇಲೆ ಕೂತ ಬಣ್ಣ ಗಂಜಿಯ ಜತೆಗೇ ಹೊರಟುಹೋಗುತ್ತದೆ. ಅಚ್ಚಿನ ಹಾಳೆಗೆ ಹಳೆಯ ಎಕ್ಸ್‌ರೇ ಫಿಲ್ಮಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಅಕ್ಷರವನ್ನು ದಪ್ಪವಾಗಿ ಬರೆದು ಹರಿತವಾದ ಬ್ಲೇಡಿನಿಂದ ಕೊರೆಯುವುದು. ಇಲ್ಲಿ ಕನ್ನಡದ ಒಂದು ತೊಡಕಿದೆ: ರ, ಠ, ಸೊನ್ನೆ ಮೊದಲಾದ ದುಂಡಕ್ಷರಗಳನ್ನು ಪೂರ್ತಿ ಕೊರೆದರೆ ನಡುವಿನ ಬಿಲ್ಲೆ ಕಳಚಿ ಬೀಳುತ್ತದೆ. ಸೈಕ್ಲೋಸ್ಟೈಲ್ ಕಾಲದಲ್ಲಿ ಪ್ರಶ್ನೆಪತ್ರಿಕೆಗೆ ಸ್ಟೆನ್ಸಿಲ್ ಬರೆದ ಹಿರಿಯ ಮೇಷ್ಟರುಗಳಿಗೆ ಇದು ಹೊಸತಲ್ಲ, ಲೇಖನಿ ಒತ್ತಿದರೆ ಸೊನ್ನೆಯ ಹೊಟ್ಟೆಯೇ ಹಾರಿಹೋಗುತ್ತಿತ್ತು. ಆದ್ದರಿಂದ ಎರಡು ಕಡೆ ಕಡ್ಡಿಯಷ್ಟು ಅಗಲ ಕೊರೆಯದೆ ಸೇತುವೆಯಂತೆ ಬಿಡಬೇಕು. ಧರ್ಮಾವರದ ಹತ್ತಿರದ ನಿಮ್ಮಲಕುಂಟದಲ್ಲಿ ತೊಗಲುಗೊಂಬೆ ಮಾಡುವವರು ಚರ್ಮಕ್ಕೆ ಉಳಿಯಿಂದ ತೂತು ಹಾಕುವುದನ್ನು ನೋಡಿದರೆ, ಕೊರೆಯುವುದಕ್ಕಿಂತ ಉಳಿಸುವುದರಲ್ಲೇ ಜಾಣತನವಿರುವುದು ತಿಳಿಯುತ್ತದೆ.

ಬಣ್ಣ ಬಟ್ಟೆಗೆಂದೇ ಮಾರುವ, ನೀರಿನಲ್ಲಿ ಕಲಸುವ ಜಾತಿಯದಾಗಿರಬೇಕು. ಬಾಗಿಲಿಗೆ ಬಳಿಯುವ ಎಣ್ಣೆಬಣ್ಣ ಕೂಡದು. ಬಟ್ಟೆಯ ಎರಡು ಪದರಗಳ ನಡುವೆ ರಟ್ಟಿಟ್ಟು, ಸ್ಪಂಜಿನ ತುಂಡನ್ನು ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಒತ್ತಿ ಅರೆಬರೆ ಒಣಗಿಸಿ, ಆಮೇಲೆ ನೇರವಾಗಿ ತಟ್ಟಬೇಕು. ಉಜ್ಜಿದರೆ ಬಣ್ಣ ಹಾಳೆಯ ಅಡಿಗೆ ನುಗ್ಗುತ್ತದೆ. ಕಲ್ಯಾಣದುರ್ಗದ ಒಣಬಿಸಿಲಿಗೆ ಬೇಗನೆ ಆರುತ್ತದೆ. ನಮ್ಮ ಆಟಿಯ ಮಳೆಯಲ್ಲಾದರೆ ಎರಡು ದಿನ ಕಾಯಬೇಕಾದೀತು. ಆರಿದ ಮೇಲೆ ಬಟ್ಟೆಯನ್ನು ಮಗುಚಿ ಹಿಂಬದಿಯಿಂದ ಇಸ್ತ್ರಿ ಹಾಕಿದರೆ ಬಣ್ಣ ನಿಲ್ಲುತ್ತದೆ. ಮಗುವಿಗೆ ತೊಡಿಸುವ ಮುನ್ನ ಇನ್ನೊಮ್ಮೆ ಒಗೆಯುವುದನ್ನು ಮರೆಯಬಾರದು.

ಚಿತ್ರಗಳಿಗೆ ದೂರ ಹೋಗಬೇಕಾಗಿಲ್ಲ. ಹಿಂದೂಪುರದ ಪಕ್ಕದ ಲೇಪಾಕ್ಷಿಯ ವೀರಭದ್ರ ಗುಡಿ 16ನೇ ಶತಮಾನದ್ದು. ಅಲ್ಲಿ ಕನ್ನಡ ಶಾಸನಗಳೂ ಇವೆ. ಲತಾಮಂಟಪದ ಕಂಬಗಳ ಬಳ್ಳಿ, ಹೂವುಗಳನ್ನು ಸೀರೆ ನೇಯುವವರು ಅಂಚಿಗೆ ಇಳಿಸಿಕೊಂಡಿದ್ದಾರೆ. ನಾವು ಕುಲಾಯಿಯ ಅಂಚಿಗೆ ಒಂದು ಹೂವು ಇಳಿಸಿಕೊಂಡರೆ ತಪ್ಪೇನು?

ತಂದೆ ತೆಲುಗಿನವರು, ತಾಯಿ ಕನ್ನಡದವರು ಎಂಬ ಮನೆಗಳೂ ಅಲ್ಲಿ ಇಲ್ಲದಿಲ್ಲ. ಅಂಥ ಕಡೆ ಮಗುವಿನ ಹೆಸರು ಗಗನ ಎಂದಿಟ್ಟುಕೊಳ್ಳಿ. ಮೂರಕ್ಷರದ ಮೈಯನ್ನು ಒಂದು ಹಾಳೆಯಲ್ಲಿ ಕೊರೆದು, ಎರಡು ಬಗೆಯ ತಲೆಕಟ್ಟುಗಳನ್ನು ಬೇರೆ ಬೇರೆ ಚೂರುಗಳಲ್ಲಿ ಕೊರೆದರಾಯಿತು; ಒಂದು ಅಂಗಿಗೆ ತೆಲುಗು, ಕುಂಚಿಗೆಗೆ ಕನ್ನಡ. ಕ, ತ, ಶ ಬಂದರೆ ಈ ಉಪಾಯ ನಡೆಯದು, ಅವುಗಳ ಮೈಯೇ ಬೇರೆ. ಎರಡೂ ಕಡೆಯ ಅಜ್ಜಿಯರು ಇದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ಇಷ್ಟೇನಾ ವ್ಯತ್ಯಾಸ ಎಂದು ನಗುವುದುಂಟು. ಇಷ್ಟೇ, ಆದರೆ ಈ ಇಷ್ಟನ್ನು ಮನೆಯಲ್ಲಿ ತೋರಿಸದಿದ್ದರೆ ಆ ಮಗುವಿಗೆ ಇನ್ನೆಲ್ಲಿಯೂ ತೋರಿಸುವವರಿಲ್ಲ.

ತೊಟ್ಟಿಲ ಬಳಿ ಕಿವಿಯಲ್ಲಿ ಉಸುರುವ ತನಕ ಹೆಸರನ್ನು ಹೊರಗೆಡಹದ ಮನೆಗಳಲ್ಲಿ, ಹೂವಿನ ಅಚ್ಚನ್ನು ಮಾತ್ರ ಮುಂಚೆಯೇ ಹಾಕಿಕೊಂಡು ಹೋಗುವುದು ಒಳ್ಳೆಯದು. ಊಟದ ಎಲೆ ತೆಗೆದ ಮೇಲೆ, ಹೆಂಗಸರು ಮಕ್ಕಳೆಲ್ಲ ಸುತ್ತ ಕುಳಿತಿರುವಾಗ ಅಕ್ಷರ ಕೊರೆಯುತ್ತೇವೆ. ಬಣ್ಣ ತಟ್ಟಲು ಕೈಗಳಿಗೆ ಕೊರತೆಯಾಗುವುದಿಲ್ಲ. ಕೆಲಸ ಮುಗಿದ ಮೇಲೆ ಹಾಳೆಯನ್ನು ತೊಳೆದು ಒರಸಿ ಆ ಮನೆಯಲ್ಲೇ ಬಿಟ್ಟುಬರುತ್ತೇವೆ. ನಾಲ್ಕೈದು ವರ್ಷಗಳ ನಂತರ ಶಾಲೆಯ ಚೀಲಕ್ಕೂ ಅದೇ ಹಾಳೆ ಸಾಕು.