ಉಡುಗೆ ಬದಲಿಸಿಕೊಂಡ ರಾಧಾಕೃಷ್ಣರು: ಕಾಂಗ್ರಾ ಚಿತ್ರವೊಂದರ ಲಿಂಗಭಾವ

ಪಹಾಡಿ ಚಿತ್ರಪರಂಪರೆಯ ಕಾಂಗ್ರಾ ಶೈಲಿಯಲ್ಲಿ ರಾಧಾಕೃಷ್ಣರ ಪ್ರಣಯವು ಪ್ರಧಾನ ವಸ್ತುಗಳಲ್ಲೊಂದು. ಸುಮಾರು 1800–1825ರ ಕಾಲದ್ದೆಂದು ಗುರುತಿಸಲಾಗಿರುವ ಈ ಶೈಲಿಯ ಚಿತ್ರವೊಂದು ಅಮೆರಿಕದ ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದಲ್ಲಿದೆ. ಅದರಲ್ಲಿ ರಾಧೆ ಕೃಷ್ಣನ ಉಡುಗೆಯನ್ನೂ ಕೃಷ್ಣ ರಾಧೆಯ ಉಡುಗೆಯನ್ನೂ ಧರಿಸಿದ್ದಾರೆ. ಉಡುಗೆ ಬದಲಾದರೂ ಮೈಬಣ್ಣ ಬದಲಾಗಿಲ್ಲ. ನೀಲವರ್ಣದಿಂದ ಕೃಷ್ಣನನ್ನೂ ಗೌರವರ್ಣದಿಂದ ರಾಧೆಯನ್ನೂ ನೋಡುಗರು ಗುರುತಿಸುತ್ತಾರೆ.

ಈ ಸನ್ನಿವೇಶಕ್ಕೆ ‘ಲೀಲಾಹಾವ’ ಎಂಬ ಹೆಸರಿದೆ. ಭರತನ ನಾಟ್ಯಶಾಸ್ತ್ರವು ಸ್ತ್ರೀಯರ ಹತ್ತು ಸ್ವಾಭಾವಿಕ ಅಲಂಕಾರಗಳಲ್ಲಿ ‘ಲೀಲೆ’ಯನ್ನು ಹೇಳುತ್ತದೆ, ಪ್ರಿಯಕರನ ಅನುಕರಣೆಯೇ ಅದರ ಲಕ್ಷಣ. ಭಾಗವತದ ದಶಮಸ್ಕಂಧದಲ್ಲಿ ಕೃಷ್ಣ ಮರೆಯಾದಾಗ ಗೋಪಿಯರು ಅವನನ್ನು ಅನುಕರಿಸುವುದು ವಿರಹದಿಂದ. ಎರಡೆಡೆಯೂ ಅನುಕರಣೆ ಹೆಣ್ಣಿನದು ಮಾತ್ರ. ಕೇಶವದಾಸನು 1591ರಲ್ಲಿ ವ್ರಜಭಾಷೆಯಲ್ಲಿ ರಚಿಸಿದ ‘ರಸಿಕಪ್ರಿಯಾ’ ಹಾವಗಳನ್ನು ರಾಧಾಕೃಷ್ಣರ ಪ್ರಸಂಗಗಳಲ್ಲಿ ನಿರೂಪಿಸಿ ಚಿತ್ರಕಾರರಿಗೆ ಆಕರವಾಯಿತು. ಕಾಂಗ್ರಾ ಚಿತ್ರದಲ್ಲಿ ಅನುಕರಣೆ ಪರಸ್ಪರವಾಗಿದೆ. ಹೆಣ್ಣು ಗಂಡಿನ ವೇಷ ಧರಿಸಿದರೆ ಸಾಲದು. ಗಂಡೂ ಹೆಣ್ಣಾಗಿ ನಿಲ್ಲಬೇಕು.

ಇದನ್ನು ಮಾರುವೇಷವೆಂದು ಕರೆಯಲಾಗದು. ಮೋಹಿನಿಯ ರೂಪ ಅಸುರರನ್ನು ವಂಚಿಸುತ್ತದೆ; ಬೃಹನ್ನಳೆಯ ವೇಷ ಅರ್ಜುನನನ್ನು ಮರೆಮಾಡುತ್ತದೆ. ಇಲ್ಲಿ ವಂಚಿತರಾದವರು ಯಾರೂ ಇಲ್ಲ. ಬಾದಾಮಿಯ ಮೊದಲ ಗುಹೆಯ ಅರ್ಧನಾರೀಶ್ವರನಲ್ಲಿರುವಂತೆ ಎರಡು ದೇಹಗಳು ಒಂದಾಗಿಯೂ ಇಲ್ಲ. ಇಬ್ಬರೂ ಇಬ್ಬರಾಗಿಯೇ ಉಳಿದು, ಒಬ್ಬರ ಸ್ಥಾನದಲ್ಲಿ ಮತ್ತೊಬ್ಬರು ನಿಂತು ಪ್ರೇಮವನ್ನು ಅನುಭವಿಸುತ್ತಾರೆ.

ಆದರೆ ಇಂಥ ಚಿತ್ರಗಳನ್ನು ಮುಂದಿಟ್ಟು, ಲಿಂಗಪರಿವರ್ತನೆಯನ್ನು ನಮ್ಮ ಪರಂಪರೆ ಸಹಜವಾಗಿ ಒಪ್ಪಿತ್ತೆಂದು ಸಾಧಿಸುವುದು ಅವಸರದ ತೀರ್ಮಾನವಾದೀತು. ರಾಧಾಕೃಷ್ಣರದು ಲೀಲೆ; ಉಡುಗೆ ಮತ್ತೆ ಬದಲಾಗುತ್ತದೆ. ಉತ್ತರ ಕರ್ನಾಟಕದ ಎಲ್ಲಮ್ಮನ ಪರಂಪರೆಯಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆಯುಡುವ ಜೋಗಪ್ಪನಿಗೆ ಅದು ಬದುಕಿನುದ್ದದ ವ್ರತ. ಪೂಜ್ಯತೆ ಮತ್ತು ತಿರಸ್ಕಾರ ಎರಡೂ ಅವರ ಪಾಲಿಗೆ ಬರುತ್ತವೆ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಆ ಗೌರವದ ಹಿಂದಿನ ನೋವಿಗೆ ಸಾಕ್ಷಿಯಾಗಿದೆ.

ಹೀಗಾಗಿ ಕಾಂಗ್ರಾ ಚಿತ್ರವನ್ನು ಸಾಮಾಜಿಕ ಸ್ಥಿತಿಯ ದಾಖಲೆಯಾಗಿ ಓದುವುದಕ್ಕಿಂತ ಕಲ್ಪನೆಯ ದಾಖಲೆಯಾಗಿ ಓದುವುದು ಉಚಿತ. ಹೆಣ್ಣುತನ, ಗಂಡುತನಗಳು ದಾಟಬಹುದಾದ ಗಡಿಗಳೆಂಬ ಅರಿವು ಪರಂಪರೆಗೆ ಇತ್ತು. ದೇವರಿಗೆ ಸಲ್ಲಿಸಿದ ಆ ಅವಕಾಶವನ್ನು ಮನುಷ್ಯರಿಗೆ ಎಷ್ಟು ಸಲ್ಲಿಸಿತು ಎಂಬುದನ್ನು ಜಾನಪದ ಕ್ಷೇತ್ರಕಾರ್ಯವೇ ಹೇಳಬೇಕು.